ಹಡಗಿಗೆ ಕಟ್ಟಿದ ಸಾಮಾನು

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದರೆ ಕಾಡಿನ ಅಂಚಿಗೆ ಅಂಟಿಕೊಂಡಂತೆ ರೆಸಾರ್ಟುಗಳಿವೆ. ಅವುಗಳಲ್ಲಿ ಒಂದರ ಸ್ಟೋರ್ ರೂಮು ಹನ್ನೊಂದು ವರ್ಷ ಮಂಗಳಗೌರಿಯ ಕೈಯಲ್ಲಿತ್ತು. ಅವಳ ಊರು ಉಡಿಗಾಲ. ವಾರದಲ್ಲಿ ಐದು ದಿನ ರೆಸಾರ್ಟಿನ ಹಿಂದಿನ ಕ್ವಾರ್ಟರ್ಸಿನಲ್ಲಿ ಉಳಿದು, ಎರಡು ದಿನಕ್ಕೆ ಚಾಮರಾಜನಗರದ ಬಸ್ಸು ಹತ್ತಿ ಮನೆಗೆ ಬರುತ್ತಿದ್ದಳು. ಗಂಡ ಶಿವರಾಮು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ನೀರಿನ ಪಂಪುಗಳನ್ನು ನೋಡಿಕೊಳ್ಳುತ್ತಿದ್ದ. ಮಕ್ಕಳಿರಲಿಲ್ಲ. ಅದರ ಬಗ್ಗೆ ಊರಿನವರು ಆಡುವುದನ್ನೆಲ್ಲ ಆಡಿ ಮುಗಿಸಿ ಸುಮ್ಮನಾಗಿದ್ದರು.

ಬೆಳಗಿನ ಜೀಪುಗಳು ಕಾಡಿಗೆ ಹೊರಡುವ ಮುಂಚೆ ಒಂದೊಂದು ಜೀಪಿಗೂ ಒಂದೊಂದು ಪೆಟ್ಟಿಗೆ ಕಟ್ಟುವುದು ಅವಳ ಮುಖ್ಯ ಕೆಲಸ. ನೀರು, ಬಿಸ್ಕತ್ತು, ಕಂಬಳಿ, ಔಷಧಿ. ಎರಡು ವರ್ಷದ ಹಿಂದೆ ಪ್ರಿಯಾಂಕ ಎಂಬ ಗೈಡ್ ಹುಡುಗಿಯ ಜೀಪಿಗೆ ಹೆಜ್ಜೇನು ಎದ್ದು, ಒಬ್ಬ ಪ್ರವಾಸಿಯ ಮುಖ ಊದಿಕೊಂಡು ಉಸಿರು ಕಟ್ಟಿತ್ತು. ಡಾಕ್ಟರು ಬರೆದುಕೊಟ್ಟಿದ್ದ ಇಂಜೆಕ್ಷನ್ ಆ ಪೆಟ್ಟಿಗೆಯಲ್ಲಿ ಇದ್ದದ್ದರಿಂದ ಅವನು ಬದುಕಿದ. ಅಂದಿನಿಂದ ಕುದೇರಿನ ಆ ಹುಡುಗಿ ಮಂಗಳಗೌರಿಯನ್ನು ಬಿಟ್ಟು ಊಟ ಮಾಡಿದವಳಲ್ಲ. ಗೌರಕ್ಕ, ಗೌರಕ್ಕ ಎಂದು ಹಿಂದೆಯೇ ಸುತ್ತುತ್ತಿದ್ದಳು.

ಕಾರ್ತಿಕ ಕಳೆದ ಮೇಲೆ ಒಂದು ಮಧ್ಯಾಹ್ನ ಮ್ಯಾನೇಜರ್ ಸೋಮೇಶ್ ಎಲ್ಲರನ್ನೂ ಊಟದ ಹಾಲಿನಲ್ಲಿ ಸೇರಿಸಿ, ಗೋಡೆಯ ಮೇಲೆ ಹಡಗಿನ ಚಿತ್ರ ತೋರಿಸಿದರು. ಮಾಲೀಕರು ಹಳೆಯ ಹಡಗೊಂದನ್ನು ಕೊಂಡು, ಬಿಳಿ ಬಣ್ಣ ಹೊಡೆಸಿ, ಕೋಣೆಗಳನ್ನು ಮಾಡಿಸಿದ್ದರು. ಸಂಕ್ರಾಂತಿ ಆದ ಮೇಲೆ ಅಂಡಮಾನಿನ ಆಚೆ, ಜನವಿಲ್ಲದ ದ್ವೀಪಗಳ ಸುತ್ತ ಎಂಟು ದಿನದ ಯಾತ್ರೆ. ಆಮೆಗಳು ಮೊಟ್ಟೆಯಿಡುವ ದಡ, ಉಪ್ಪುನೀರಿನ ಮೊಸಳೆ, ಬೇರೆಲ್ಲೂ ಕಾಣದ ಹಕ್ಕಿಗಳು. ಇಪ್ಪತ್ತು ಜನ ಅತಿಥಿಗಳು. ಇಲ್ಲಿಂದ ಹೋಗುವವರ ಪಟ್ಟಿಯಲ್ಲಿ ಗೈಡ್ ಪ್ರಿಯಾಂಕ, ಮೆಕ್ಯಾನಿಕ್ ಶಿವಸ್ವಾಮಿ, ಸ್ಟೋರಿನ ಮಂಗಳಗೌರಿ.

"ಗೌರಕ್ಕ, ನಾವು ಸಮುದ್ರಕ್ಕೆ!" ಎಂದು ಪ್ರಿಯಾಂಕ ಅವಳ ಭುಜ ಹಿಡಿದು ಅಲ್ಲಾಡಿಸಿದಳು. ಮಂಗಳಗೌರಿ ಸಮುದ್ರ ನೋಡಿದ್ದು ಒಂದೇ ಸಲ, ರಾಮೇಶ್ವರಕ್ಕೆ ಹೋದಾಗ. ಮೊಣಕಾಲುದ್ದ ನೀರಿಗೆ ಇಳಿದು ಹಿಂದೆ ಬಂದಿದ್ದಳು. ಆದರೂ ಆ ಸಂಜೆ ಅವಳಿಗೆ ಸಂತೋಷವೇ ಆಯಿತು. ತನ್ನ ಹೆಸರನ್ನು ಯಾರೋ ಪಟ್ಟಿಯಲ್ಲಿ ಬರೆದು ಗೋಡೆಯ ಮೇಲೆ ತೋರಿಸಿದ್ದು ಅವಳ ಜೀವನದಲ್ಲಿ ಅದೇ ಮೊದಲು.

ಶಿವಸ್ವಾಮಿಯನ್ನು ಹಡಗಿನ ಕೆಲಸಕ್ಕೆಂದು ಒಂದೂವರೆ ತಿಂಗಳು ಮುಂಚೆಯೇ ಅಂಡಮಾನಿಗೆ ಕಳಿಸಿದರು. ನಲವತ್ತರ ಆಸುಪಾಸಿನ ಮನುಷ್ಯ, ಜೀಪು, ಜನರೇಟರು, ಬೋರ್‌ವೆಲ್ಲು, ಏನು ಕೆಟ್ಟರೂ ಅವನೇ ಬೇಕು. ಹಡಗಿಗೆ ಬೇಕಾದ ಸಾಮಾನನ್ನು ಅವನು ಫೋನಿನಲ್ಲಿ ದನಿ ಮೆಸೇಜು ಮಾಡಿ ಹೇಳುವುದು, ಇವಳು ಹೊಂದಿಸಿ ಕಟ್ಟುವುದು, ಎಲ್ಲವೂ ಲಾರಿಯಲ್ಲಿ ಚೆನ್ನೈ ಬಂದರಿಗೆ ಹೋಗಿ ಅಲ್ಲಿಂದ ಹಡಗಿನಲ್ಲಿ ದ್ವೀಪ ಸೇರುವುದು ಎಂದು ಮಾತಾಯಿತು.

ಮೊದಲ ಮೆಸೇಜುಗಳಲ್ಲಿ ಶಿವಸ್ವಾಮಿಯ ಉತ್ಸಾಹ ತುಂಬಿ ತುಳುಕುತ್ತಿತ್ತು. "ಅಕ್ಕ, ನೀರು ಅಂದ್ರ ಎಂಥ ನೀರು ಅಂತೀಯ, ತಳ ಕಾಣ್ತದ ಕಣಕ್ಕ. ಹಾಸಿಗೆ ಬಟ್ಟೆ ಮೂವತ್ತು ಜೊತೆ ಬೇಕು, ಸೊಳ್ಳೆ ಪರದೆ ಬೇಕು." ಮಂಗಳಗೌರಿ ಹಾಸಿಗೆ ಬಟ್ಟೆಗೆ ಬಿಸಿಲು ತೋರಿಸಿ, ಬೇವಿನ ಸೊಪ್ಪು ಇಟ್ಟು ಕಟ್ಟಿದಳು. ಅಕ್ಕಿ, ಬೇಳೆ, ಒಣ ಹಣ್ಣುಗಳನ್ನು ಮುಚ್ಚಳ ಬಿಗಿಯಾಗುವ ಡ್ರಮ್ಮುಗಳಿಗೆ ತುಂಬಿದಳು. ಅತಿಥಿಗಳು ಏನೇನು ತರಬೇಕು ಎಂಬ ಪಟ್ಟಿಯನ್ನೂ ಅವಳೇ ಕನ್ನಡದಲ್ಲಿ ಬರೆದಳು: ತುಂಬುತೋಳಿನ ಅಂಗಿ, ಟೋಪಿ, ದುರ್ಬೀನು, ನೀರಿನಲ್ಲಿ ನಡೆಯುವ ಚಪ್ಪಲಿ, ವಾಂತಿಯ ಮಾತ್ರೆ, ಕ್ಯಾಮೆರಾಕ್ಕೆ ನೀರು ಹೋಗದ ಚೀಲ.

ಪ್ರಿಯಾಂಕ ಸ್ಟೋರಿನ ಮೆಟ್ಟಿಲ ಮೇಲೆ ಕೂತು ಬೂಟಿನ ಅಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯುತ್ತಿದ್ದಳು. "ಇಲ್ಲಿನ ಬೀಜ ಒಂದೂ ಅಲ್ಲಿಗ ಓಗಬಾರ್ದು ಗೌರಕ್ಕ. ಒಂದು ಲಂಟಾನ ಬೀಜ ಬಿದ್ರೂ ಸಾಕು, ದ್ವೀಪನೇ ನುಂಗಾಕ್ತದ. ನಮ್ಮ ಕಾಡು ಏನಾಗದ ನೋಡ್ತಿಲ್ವ?" ಎನ್ನುತ್ತಿದ್ದಳು. ಅವಳ ಚೀಲ ಯಾತ್ರೆಗೆ ಮೂರು ವಾರವಿರುವಾಗಲೇ ಕಟ್ಟಿ ಮುಗಿದಿತ್ತು.

ಡಿಸೆಂಬರಿನ ಎರಡನೆಯ ವಾರದಿಂದ ಶಿವಸ್ವಾಮಿ ಕೇಳುವ ಸಾಮಾನು ಬದಲಾಯಿತು. ಬನಿಯನ್ ವೇಸ್ಟು, ಅಂದರೆ ಬನಿಯನ್ ಬಟ್ಟೆಯ ಚೂರು, ನಾಲ್ಕು ಮೂಟೆ ಎಂದ. ಎಂಜಿನ್ ಒರೆಸಲು ಇರಬೇಕು ಎಂದುಕೊಂಡಳು. ಆಮೇಲೆ ಎಂ-ಸೀಲ್ ಅಂಟು ಎರಡು ಪೆಟ್ಟಿಗೆ, ರಬ್ಬರ್ ಶೀಟು, ಹಳೆಯ ಲಾರಿ ಟ್ಯೂಬುಗಳು. ಆಮೇಲೆ ಜಾಲಿ ಮರದ ಬೆಣೆಗಳು, ಹೆಬ್ಬೆರಳಿನಷ್ಟರಿಂದ ಹಿಡಿದು ಮೊಣಕೈಯಷ್ಟರವರೆಗೆ, ಒಟ್ಟು ಅರವತ್ತು. ಗುಂಡ್ಲುಪೇಟೆಯ ಬಡಗಿ ಶಿವಮಲ್ಲಪ್ಪ ಆ ಅಳತೆಗಳನ್ನು ಕೇಳಿ, "ಇದ್ಯಾವ್ ಕೆಲ್ಸಕ್ಕಮ್ಮ? ಗುದ್ದಲಿಗೂ ಬರಲ್ಲ, ಕೊಡಲಿಗೂ ಬರಲ್ಲ" ಎಂದ. ಅವಳಿಗೂ ಗೊತ್ತಿರಲಿಲ್ಲ. ಕೊನೆಗೆ ಪಂಪಿನ ಪೈಪಿನ ತುದಿಗೆ ಹಾಕುವ ಎರಡೂವರೆ ಇಂಚಿನ ಫುಟ್‌ವಾಲ್ವ್ ನಾಲ್ಕು, ಪೈಪು ಎರಡು ಸುರುಳಿ, ಹಾಗೆಯೇ ಕಂಬಳಿ. ಎಷ್ಟು ಹಳೆಯದಾದರೂ ಪರವಾಗಿಲ್ಲ, ಸಿಕ್ಕಷ್ಟು.

ಬಿಸಿಲು ಸುಡುವ ದ್ವೀಪಕ್ಕೆ ಕಂಬಳಿ ಯಾಕೆ? ಸೋಮೇಶ್ ಅವರನ್ನು ಕೇಳಿದಳು. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಹಡಗು ಅಂದ್ಮೇಲೆ ನೂರೆಂಟು ಬೇಕಾಗುತ್ತೆ ಗೌರಮ್ಮ. ಅವನು ಕೇಳಿದ್ದನ್ನ ಕಟ್ಟಿ ಕಳಿಸಿ" ಎಂದರು.

ಆ ಶನಿವಾರ ಉಡಿಗಾಲದ ಮನೆಯಲ್ಲಿ ಶಿವರಾಮು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. ಅವಳು ಪಕ್ಕದಲ್ಲಿ ಕೂತು ತಾನೂ ಕೈ ಹಾಕಿ, ಕಟ್ಟಿದ ಸಾಮಾನನ್ನೆಲ್ಲ ಒಂದೊಂದಾಗಿ ಹೇಳಿದಳು. ಫುಟ್‌ವಾಲ್ವ್ ಎಂದಾಗ ಅವನು ನಕ್ಕುಬಿಟ್ಟ. "ಸಮುದ್ರದಲ್ಲಿ ಯಾರ ಗದ್ದೆಗ ನೀರು ಬುಡ್ತಾರಂತ?"

ನಕ್ಕವನ ಕೈ ಹಾಗೆಯೇ ನಿಂತಿತು. ಆಮೇಲೆ, "ಆ ಶಿವಸ್ವಾಮಿ ಮಾತಾಡಿರದು ಫೋನಲ್ಲಿ ಅದಲ್ವ, ಆಕು ನೋಡನ" ಎಂದ.

ಅವಳು ಹಳೆಯದರಿಂದ ಒಂದೊಂದೇ ಹಾಕಿದಳು. ಮೊದಲನೆಯದರಲ್ಲಿ ಹಕ್ಕಿಯ ಕೂಗು, ಅಲೆಯ ಸದ್ದು. ನಾಲ್ಕನೆಯದರಲ್ಲಿ ಮಾತಿನ ಹಿಂದೆ ದಡ ದಡ ಎಂಬ ಸದ್ದು. ಅದನ್ನು ಅವಳು ಎಷ್ಟೋ ಸಲ ಕೇಳಿದ್ದಳು, ಹಡಗಿನ ಎಂಜಿನ್ ಎಂದುಕೊಂಡಿದ್ದಳು. ಶಿವರಾಮು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡ. ಇಪ್ಪತ್ತು ವರ್ಷ ಅದೇ ಸದ್ದಿನ ನಡುವೆ ಬದುಕಿದ ಕಿವಿ ಅದು.

"ಇದು ಎಂಜಿನ್ ಅಲ್ಲ ಕಣಮ್ಮಿ. ಪಂಪು. ನೀರಿನ ಜೊತ್ಗ ಗಾಳಿನೂ ಎಳೀತಾ ಅದ. ತಳದ ನೀರು ಎತ್ತುವಾಗ ಇಂಗೇ ಕೇಳದು."

ಆಮೇಲಿನ ಎಲ್ಲ ಮೆಸೇಜುಗಳಲ್ಲೂ ಆ ಸದ್ದಿತ್ತು. ಬೆಳಿಗ್ಗೆ ಕಳಿಸಿದ್ದರಲ್ಲಿ, ಮಧ್ಯಾಹ್ನ ಕಳಿಸಿದ್ದರಲ್ಲಿ, ಸಂಜೆಯದರಲ್ಲಿ. ಕೊನೆಯ ಮೆಸೇಜನ್ನು ಶಿವರಾಮು ಮೂರು ಸಲ ಹಾಕಿಸಿದ. "ಇದ್ರಲ್ಲಿ ಎರಡು ಪಂಪು ಓಡ್ತಾವ" ಎಂದು ಫೋನನ್ನು ಅವಳ ಮಡಿಲಿಗೆ ಇಟ್ಟ. "ಹಡಗು ಎಲ್ಲಿಗೂ ಓಗಿಲ್ಲ ತಾನೇ ಇನ್ನ? ನಿಂತಲ್ಲೇ ನಿಂತದ ತಾನೇ?"

"ನಿಂತದ."

"ನಿಂತ ಹಡಗ್ಗ ಇಷ್ಟು ನೀರು ಬತ್ತಾ ಅದ ಅಂದ್ರ..." ಎಂದು ಅವನು ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿದ. ಬೆಣೆ, ಟ್ಯೂಬು, ಕಂಬಳಿ ಎಲ್ಲವೂ ಯಾಕೆ ಎಂದು ಆಗ ಅವಳಿಗೆ ತಾನಾಗಿಯೇ ಅರ್ಥವಾಯಿತು. ತೂತಿಗೆ ತುರುಕಲು. ತಾನು ಇಷ್ಟು ದಿನ ಬೇವಿನ ಸೊಪ್ಪಿಟ್ಟು, ಹುರಿ ಬಿಗಿದು, ಹೆಸರು ಬರೆದು ಕಟ್ಟಿದ್ದು ಅದನ್ನೇ.

ಅಲ್ಲಿಯೇ ಶಿವಸ್ವಾಮಿಗೆ ಫೋನ್ ಮಾಡಿದಳು. ನಾಲ್ಕನೆಯ ಸಲಕ್ಕೆ ಎತ್ತಿದ.

"ಹಡಗು ಸೋರ್ತಾ ಅದ?" ಎಂದು ನೇರವಾಗಿಯೇ ಕೇಳಿದಳು.

ಆ ಕಡೆ ಪಂಪಿನ ಸದ್ದು ಮಾತ್ರ. "ಕಂಬಳಿ ಕಳಿಸ್ದ ಅಕ್ಕ?" ಎಂದ.

"ನಾನು ಕೇಳಿದ್ದು ಅದಲ್ಲ ಕಣಪ್ಪ."

"ಪೇಪರ್ ಎಲ್ಲ ಸರಿಯಾಗದ ಅಂತಾರ. ಯಾರೋ ಬಂದು ನೋಡಿ ಸೀಲ್ ಒತ್ಬುಟ್ಟು ಹೊಂಟೋದ್ರು." ಸ್ವಲ್ಪ ತಡೆದು, ದನಿ ಇಳಿಸಿ ಹೇಳಿದ: "ತಗಡು ತುಕ್ಕಿಡಿದು ಅಪ್ಳ ಆಗೋಗದ. ಮೇಲೆ ಬಣ್ಣ ಬಳ್ದವ್ರೆ. ಇಲ್ಲಿ ಎಂಜಿನ್ ನೋಡ್ಕೊಳ್ಳೋ ತಾತ ಒಬ್ರವ್ರೆ, ತಮಿಳುನಾಡಿನ ರಾಮನಾಥಪುರದ ಕಡೆಯವ್ರು. ನಾವಿಬ್ರೂ ಬೆಳಿಗ್ಗೆ ಒಂದು ತೂತು ಮುಚ್ಚುದ್ರ ಸಾಯಂಕಾಲಕ್ಕ ಎರಡು ಬಾಯ್ಬುಡ್ತವ. ನಾನು ಏನೂ ಏಳ್ಲಿಲ್ಲ ಅಂತ ತಿಳ್ಕೊ ಅಕ್ಕ."

"ನೀನು ಬಂದ್ಬುಡು."

"ಎಂಗ ಬರದು? ನಾನು ಬಂದ್ಬುಟ್ರ ತಾತ ಒಬ್ರೇ ಆಯ್ತಾರ" ಎಂದು ಫೋನ್ ಇಟ್ಟ.

ಸೋಮವಾರ ಬೆಳಿಗ್ಗೆ ಅವಳು ಸೋಮೇಶ್ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದಳು. ಶಿವಸ್ವಾಮಿಯ ಹೆಸರು ಮಾತ್ರ ಎತ್ತಲಿಲ್ಲ. ಸೋಮೇಶ್ ಒಂದು ಕಾಗದ ತೆಗೆದು ಅವಳ ಮುಂದೆ ಇಟ್ಟರು. ಮೊಹರು ಇತ್ತು, ಸಹಿ ಇತ್ತು. "ಸರ್ಕಾರ ಸರಿಯಾಗಿದೆ ಅಂದ ಮೇಲೆ ನಾನು ನೀವು ಯಾರು?" ಎಂದರು. ಅವಳು ಎದ್ದು ಹೋಗದೆ ಕೂತೇ ಇದ್ದದ್ದನ್ನು ನೋಡಿ, ದನಿ ಮೆತ್ತಗೆ ಮಾಡಿ, "ನಿಮಗೆ ಭಯ ಇದ್ರೆ ಹೇಳಿ, ನಿಮ್ಮ ಹೆಸರು ತೆಗೆದುಹಾಕ್ತೀನಿ. ಬೇರೆಯವರಿಗೆ ಏನೂ ಹೇಳೋದು ಬೇಡ" ಎಂದರು.

ಕಾಗದಕ್ಕಿಂತ ಆ ಮಾತು ಅವಳನ್ನು ಹೆಚ್ಚು ಹೆದರಿಸಿತು. ಹಡಗು ಗಟ್ಟಿಯಾಗಿದ್ದರೆ ಆ ಮನುಷ್ಯ ಬೈಯಬೇಕಿತ್ತು. ಬೈಯಲಿಲ್ಲ.

"ನೀವು ಓಗ್ತೀರ ಸರ್ ಹಡಗಿಗೆ?" ಎಂದು ಕೇಳಿದಳು. ಸೋಮೇಶ್ ಕಾಗದವನ್ನು ಮಡಿಸಿ ಡ್ರಾಯರಿಗೆ ಹಾಕಿದರು.

ಪ್ರಿಯಾಂಕಳಿಗೆ ಹೇಳಿದ್ದು ಅದಕ್ಕಿಂತ ಕಷ್ಟವಾಯಿತು. ಹುಡುಗಿ ಮೊದಲು ನಕ್ಕಳು, ಆಮೇಲೆ ಅವಳ ಮುಖ ಬಿಗಿಯಿತು. "ಪಂಪ್ ಸೌಂಡ್ ಕೇಳಿ ಹಡಗು ಮುಳುಗ್ತದ ಅಂತೀರಲ್ಲ ಅಕ್ಕ! ಎಲ್ಲ ಹಡಗಲ್ಲೂ ಪಂಪ್ ಇರ್ತದ. ನಮ್ಮಪ್ಪ ನಾಗಯ್ಯ ಕೂಲಿ ಮಾಡಿ ಓದಿಸಿದ್ದು ನಾನು ಜೀಪಲ್ಲಿ ಕೂತು ಅದೇ ಜಿಂಕೆ ತೋರಿಸ್ತಾ ಇರ್ಲಿ ಅಂತಲ್ಲ. ನಿಮ್ಗ ಹೆದರಿಕೆ ಆದ್ರ ನೀವು ಇರಿ, ನನ್ನ ಹೆದರಿಸಬೇಡಿ." ಮೂರು ದಿನದ ಮೇಲೆ ಅವಳು ಯಾತ್ರೆಯ ಸಿದ್ಧತೆಗೆಂದು ಬೆಂಗಳೂರಿಗೆ ಹೋಗಿ ಅಂಡಮಾನಿನ ವಿಮಾನ ಹತ್ತಿದಳು. ಹೊರಡುವಾಗ ಸ್ಟೋರಿನ ಕಡೆ ತಿರುಗಲಿಲ್ಲ.

ಅತಿಥಿಗಳಿಗೆ ಫೋನ್ ಮಾಡಿ, ರೇನ್‌ಕೋಟಿನ ಅಳತೆ, ಯಾವ ಊಟ ಒಗ್ಗುವುದಿಲ್ಲ ಎಂದು ಕೇಳಿ ಬರೆದುಕೊಳ್ಳುವುದು ಇನ್ನೂ ಉಳಿದಿತ್ತು. ಮೊದಲ ನಂಬರು ಮೈಸೂರಿನ ನಿವೃತ್ತ ಉಪನ್ಯಾಸಕಿಯೊಬ್ಬರದು. ಅವರು ಖುಷಿಯಿಂದ ಮಾತಾಡಿದರು. ಮೊಮ್ಮಗಳನ್ನೂ ಕರೆತರುತ್ತಿದ್ದಾರೆ, ಅವಳಿಗೆ ಒಂಬತ್ತು ವರ್ಷ, ಆಮೆ ಎಂದರೆ ಪ್ರಾಣ. "ನೀವು ಕಳಿಸಿದ ಪಟ್ಟಿ ನೋಡಿಕೊಂಡು ಎಲ್ಲ ಜೋಡಿಸ್ತಾ ಇದ್ದೀವಮ್ಮ. ಇನ್ನೇನಾದರೂ ಬಿಟ್ಟುಹೋಗಿದೆಯಾ?" ಎಂದು ಕೇಳಿದರು.

ಮಂಗಳಗೌರಿ ಪೆನ್ನು ಕೆಳಗಿಟ್ಟಳು. ಸ್ಟೋರಿನ ಕಿಟಕಿಯಾಚೆ ಲಾರಿಗೆ ಕೊನೆಯ ಪೆಟ್ಟಿಗೆಗಳನ್ನು ಏರಿಸುತ್ತಿದ್ದರು. ಬೆಣೆಗಳ ಕೊನೆಯ ಮೂಟೆ ಆಗತಾನೇ ಒಳಗೆ ಹೋಯಿತು.

"ಬರಬೇಡಿ ಅಮ್ಮ" ಎಂದಳು.

"ಏನಂದ್ರಿ?"

"ಬರಬೇಡಿ. ಮಗು ಕರ್ಕೊಂಡು ಆ ಹಡಗು ಹತ್ತಬೇಡಿ. ತಳ ಸೋರ್ತಾ ಅದೆ. ಇಲ್ಲಿಂದ ತೂತು ಮುಚ್ಚೋ ಸಾಮಾನು ಕಟ್ಟಿ ಕಳಿಸ್ತಾ ಇರೋಳು ನಾನೇ."

ಒಂದು ಸಲ ಹೇಳಿದ ಮೇಲೆ ಎರಡನೆಯ ನಂಬರು ಒತ್ತುವುದು ಕಷ್ಟವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಜನಕ್ಕೆ ಹೇಳಿದ್ದಳು. ಹದಿನೈದನೆಯವರು ನೇರ ಮಾಲೀಕರಿಗೇ ಫೋನ್ ಹಚ್ಚಿದರು. ಸಂಜೆಯೊಳಗೆ ಸೋಮೇಶ್ ಬಂದು ಬೀಗದ ಕೈಗೊಂಚಲು ಇಸಿದುಕೊಂಡರು. ಹನ್ನೊಂದು ವರ್ಷದ ಅವಳ ಬಟ್ಟೆಬರೆ ಒಂದೇ ಚೀಲದಲ್ಲಿ ಹಿಡಿಯಿತು.

ಉಡಿಗಾಲಕ್ಕೆ ಬಂದು ಎರಡು ದಿನ ಅವಳು ಹಗುರವಾಗಿಯೇ ಇದ್ದಳು. ಇಪ್ಪತ್ತರಲ್ಲಿ ಹದಿನೇಳು ಜನ ಹಿಂದೆ ಸರಿದರು, ಯಾತ್ರೆ ನಿಂತಿತು ಎಂದು ಅಡುಗೆಯವರೊಬ್ಬರು ಹೇಳಿದ್ದರು. ಗೆದ್ದೆನೆಂದುಕೊಂಡಳು. ಮೂರನೆಯ ದಿನ ಶಿವಸ್ವಾಮಿಯ ಮೆಸೇಜು ಬಂತು. ಈ ಸಲ ದನಿಯಲ್ಲ, ಬರಹ. ಯಾರೋ ಹಬ್ಬಿಸಿದ ಸುಳ್ಳಿಗೆ ಉತ್ತರ ಕೊಡಬೇಕಂತೆ. ಸಿಬ್ಬಂದಿಯನ್ನೇ ಹತ್ತಿಸಿಕೊಂಡು ಹಡಗನ್ನು ಎರಡು ದ್ವೀಪದವರೆಗೆ ಕೊಂಡೊಯ್ದು, ವಿಡಿಯೋ ತೆಗೆದು ಎಲ್ಲರಿಗೂ ತೋರಿಸುತ್ತಾರಂತೆ. ಪ್ರಿಯಾಂಕ ಕ್ಯಾಮೆರಾ ಮುಂದೆ ಮಾತಾಡುತ್ತಾಳಂತೆ. ನಾಳೆ ಬೆಳಿಗ್ಗೆ ಹೊರಡುತ್ತೇವೆ.

ಅವಳು ಫೋನ್ ಮಾಡಿದಳು. ಶಿವಸ್ವಾಮಿ ಎತ್ತಲಿಲ್ಲ. ಪ್ರಿಯಾಂಕ ಎತ್ತಲಿಲ್ಲ. ಶಿವರಾಮು ರಜೆ ಹಾಕಿ ಬಂದ. ಚಾಮರಾಜನಗರಕ್ಕೆ ಹೋಗಿ ಪೊಲೀಸ್ ಠಾಣೆಯಲ್ಲಿ ಹೇಳಿದರು. ಅಲ್ಲಿದ್ದವರು ಪಾಪ ಎಂದುಕೊಂಡೇ ಕೇಳಿದರು. ಆದರೆ ಅಂಡಮಾನಿನ ಹಡಗನ್ನು ಚಾಮರಾಜನಗರದಿಂದ ನಿಲ್ಲಿಸುವುದು ಹೇಗೆ? ಬಂದರಿನ ನಂಬರು ಹುಡುಕಿ ಕೊಟ್ಟರು. ಆ ನಂಬರಿಗೆ ಮಾಡಿದರೆ ಹಿಂದಿಯಲ್ಲಿ ಏನೋ ಹೇಳಿದರು, ಇನ್ನೊಂದು ನಂಬರು ಕೊಟ್ಟರು. ಆ ಇನ್ನೊಂದು ನಂಬರು ಬಡಿದುಕೊಳ್ಳುತ್ತಲೇ ಇತ್ತು.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಇಬ್ಬರ ಫೋನುಗಳೂ ಒಟ್ಟಿಗೆ ವ್ಯಾಪ್ತಿಯ ಆಚೆ ಹೋದವು. ಅವಳು ಅಡುಗೆ ಮಾಡಿದಳು, ಉಣ್ಣಲಿಲ್ಲ. ಅಂಗಳದಲ್ಲಿ ಬಿಸಿಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು. ಪಕ್ಕದ ತೋಟದಲ್ಲಿ ಯಾರೋ ಪಂಪ್‌ಸೆಟ್ಟು ಹಾಕಿದರು. ಆ ಸದ್ದು ಕಿವಿಗೆ ಬಿದ್ದದ್ದೇ ಎದ್ದು ಹೋಗಿ ಕಿಟಕಿ ಮುಚ್ಚಿದಳು. ಅದರ ಮಾರನೆಯ ದಿನವೂ ಹಾಗೆಯೇ ಕಳೆಯಿತು.

ಮೂರನೆಯ ದಿನ ಬೆಳಿಗ್ಗೆ ಟಿವಿಯಲ್ಲಿ ಒಂದು ಸಾಲು ಓಡಿತು: ಪ್ರವಾಸಿ ಹಡಗು ಮುಳುಗಡೆ, ಹತ್ತು ಜನರನ್ನು ಮೀನುಗಾರರು ಕಾಪಾಡಿದರು, ಒಬ್ಬರು ನಾಪತ್ತೆ. ಹೆಸರಿರಲಿಲ್ಲ. ಆ ಒಬ್ಬರು ಯಾರು ಎಂದು ತಿಳಿಯಲು ಸಂಜೆ ನಾಲ್ಕು ಗಂಟೆಯಾಯಿತು. ಆ ಏಳೆಂಟು ಗಂಟೆ ತಾನು ದೇವರ ಹತ್ತಿರ ಏನು ಬೇಡಿಕೊಂಡೆ ಎಂಬುದನ್ನು ಮಂಗಳಗೌರಿ ಯಾರಿಗೂ ಹೇಳಿಲ್ಲ. ಪ್ರಿಯಾಂಕ ಬೇಡ, ಶಿವಸ್ವಾಮಿ ಬೇಡ ಎಂದರೆ ಉಳಿದವರಲ್ಲಿ ಒಬ್ಬರು ಆಗಲಿ ಎಂದಂತೆಯೇ ಅಲ್ಲವೆ?

ಹೋದವನು ಎಂಜಿನ್ ನೋಡಿಕೊಳ್ಳುತ್ತಿದ್ದ ತಾತ.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಅವಳು ಕುದೇರಿಗೆ ಹೋದಳು. ಪ್ರಿಯಾಂಕಳ ತಾಯಿ ದೊಡ್ಡಮಾದಮ್ಮ ಬಾಗಿಲಲ್ಲೇ ಅವಳ ಎರಡು ಕೈ ಹಿಡಿದುಕೊಂಡು ಅತ್ತಳು. ಪ್ರಿಯಾಂಕ ಒಳಗೆ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಡೆದು, ಮೂಗಿನ ಮೇಲಿನ ಚರ್ಮ ಸುಲಿದಿತ್ತು. ಯಾರೂ ಕೇಳದೆಯೇ ಶುರು ಮಾಡಿದಳು.

"ಸಮುದ್ರ ಚೆನ್ನಾಗಿತ್ತು ಅಕ್ಕ. ಗಾಳಿ ಇಲ್ಲ, ಅಲೆ ಇಲ್ಲ, ಒಳ್ಳೆ ಬಿಸಿಲು. ನಾನು ಕ್ಯಾಮೆರಾ ಮುಂದೆ ಹಡಗು ಎಷ್ಟು ಸೇಫು ಅಂತ ಹೇಳ್ತಾ ಇದ್ದೆ. ದೊಡ್ಡ ಆಮೆ ಒಂದು ಪಕ್ಕದಲ್ಲೇ ತಲೆ ಎತ್ತಿ ನೋಡ್ತು. ಅಷ್ಟೊತ್ಗ ಕಾಲಡಿ ಹಡಗು ಒಂದು ಕಡೆಗ ವಾಲ್ದಂಗಾಯ್ತು. ಶಿವಸ್ವಾಮಣ್ಣ ಮೇಲೆ ಬಂದು ಎಲ್ಲ ದೋಣಿಗ ಇಳೀರಿ ಅಂತ ಕೂಗಿದ್ರು. ತಾತ ಕೆಳಗೇ ಉಳ್ಕೊಂಡ್ರು. ಬೆಣೆ ಹೊಡೀತಾ ಇದ್ರು. ನಾವೆಲ್ಲ ದೋಣೀಲಿ ಕೂತ ಮೇಲೂ ಆ ಸದ್ದು ಕೇಳ್ತಾ ಇತ್ತು, ಟಕ್ ಟಕ್ ಅಂತ. ಆಮೇಲೆ ನಿಂತೋಯ್ತು."

ದೊಡ್ಡಮಾದಮ್ಮ ಕಾಫಿ ತಂದಿಟ್ಟು ಒಳಗೆ ಹೋದಳು. ಪ್ರಿಯಾಂಕ ಲೋಟ ಮುಟ್ಟಲಿಲ್ಲ.

"ನೀವು ಹೇಳಿದ್ದು ನಿಜ" ಎಂದಳು. "ಆದ್ರ ನೀವು ಅವರಿಗೆಲ್ಲ ಫೋನ್ ಮಾಡ್ದೆ ಇದ್ದಿದ್ರ ನಾವು ಅವತ್ತು ಓಗ್ತಾನೇ ಇರ್ಲಿಲ್ಲ ಅಲ್ವಾ ಅಕ್ಕ?"

ಮಂಗಳಗೌರಿ ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಬಂದಿದ್ದಳು. ಇಪ್ಪತ್ತು ಜನ, ಒಂಬತ್ತು ವರ್ಷದ ಮಗು ಎಂದು ಹೇಳಬಹುದಿತ್ತು. ಹುಡುಗಿಯ ಒಡೆದ ತುಟಿ ನೋಡಿ ಕಾಫಿ ಲೋಟವನ್ನು ಅವಳ ಕಡೆಗೆ ಸರಿಸಿದಳು. ಅವಳ ತಲೆ ಸವರಿ ಎದ್ದು ಬಂದಳು. ಬಸ್ಸಿನಲ್ಲಿ ಇನ್ನೊಂದು ಮಾತು ತಾನಾಗಿಯೇ ಎದ್ದಿತು. ಫೋನ್ ಹಿಡಿದು ಅಷ್ಟೊಂದು ಅತಿಥಿಗಳಿಗೆ ಹೇಳಿದೆ. ಹಡಗಿನಲ್ಲೇ ಇದ್ದ ಕೆಲಸದವರಲ್ಲಿ ಶಿವಸ್ವಾಮಿ, ಪ್ರಿಯಾಂಕ ಇಬ್ಬರನ್ನು ಬಿಟ್ಟು ಯಾರ ಹೆಸರೂ ತನಗೆ ಗೊತ್ತಿರಲಿಲ್ಲ. ಕೇಳಬೇಕು ಎಂದೂ ಅನಿಸಿರಲಿಲ್ಲ.

ಈಗ ಅವಳು ಚಾಮರಾಜನಗರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಸಾಮಾನು ನೋಡಿಕೊಳ್ಳುತ್ತಾಳೆ. ಹಡಗಿನ ವಿಷಯಕ್ಕೆ ಎರಡು ಸಲ ಹೇಳಿಕೆ ಕೊಟ್ಟು ಬಂದಳು. ಕೇಸು ನಡೆಯುತ್ತಲೇ ಇದೆ. ಪ್ರಿಯಾಂಕ ಫೋನ್ ಮಾಡುವುದಿಲ್ಲ.

ಬೇಸಿಗೆ ಶುರುವಾದ ಮೇಲೆ ಒಂದು ಭಾನುವಾರ ಶಿವಸ್ವಾಮಿ ಉಡಿಗಾಲಕ್ಕೆ ಬಂದ. ಸೊರಗಿ ಅರ್ಧದಷ್ಟಾಗಿದ್ದ. ಜಗಲಿಯ ಮೇಲೆ ಕೂತು ಒಂದು ಚೆಂಬು ನೀರು ಪೂರ್ತಿ ಕುಡಿದ.

"ತಾತನ ಊರು ಗೊತ್ತಾಯ್ತು ಅಕ್ಕ. ಹೆಂಡ್ತಿ ಒಬ್ರೇ ಅವ್ರಂತ. ಅವರ್ಗ ಯಾರೂ ಏನೂ ಸರಿಯಾಗಿ ಏಳಿಲ್ಲ. ನಾನು ಓಗ್ಬೇಕು. ಒಬ್ನೇ ಓಗಕ್ಕ ಆಯ್ತಾ ಇಲ್ಲ."

ಶಿವರಾಮು ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಒಳಗೆ ಹೋಗಿ ಸೀರೆ ಮಡಿಸಿಡುತ್ತಿದ್ದಳು. "ಅವರ್ಗ ಏನಂತ ಏಳೀಯ?" ಎಂದು ಗಂಡ ಬಾಗಿಲಲ್ಲಿ ನಿಂತು ಕೇಳಿದ.

"ಗೊತ್ತಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ಅವಳೂ ಶಿವಸ್ವಾಮಿಯೂ ತಾತನ ಊರಿಗೆಂದು ಚಾಮರಾಜನಗರದಲ್ಲಿ ಸತ್ಯಮಂಗಲದ ಬಸ್ಸು ಹತ್ತಿದರು. ಘಟ್ಟ ಇಳಿಯುವಾಗ ಅವಳು ತಾತನ ಹೆಂಡತಿಯ ಹೆಸರು ಏನೆಂದು ಕೇಳಿದಳು.